ಮೇ ತಿಂಗಳ ಚಿಮಣಿ ಎಣ್ಣೆ: ಗಾಜಿಪುರದಿಂದ ಕಮಲಾಪುರದವರೆಗೆ

ಕಲಬುರಗಿಯ ಗಾಜಿಪುರದಲ್ಲಿ ಮೇ ತಿಂಗಳ ಬೆಳಿಗ್ಗೆ ಹತ್ತಕ್ಕೆಲ್ಲ ಶಟರಿನ ತಗಡು ಮುಟ್ಟಲಾಗದಷ್ಟು ಕಾದಿರುತ್ತದೆ. ಎರಡು ಗಾಡಿ ನಿಲ್ಲುವಷ್ಟೇ ಅಗಲದ ಗ್ಯಾರೇಜು. ಎಡಗಡೆ ಗೋಡೆಗೆ ಪಾನಾಗಳ ಹಲಗೆ, ಬಲಗಡೆ ಗಡಗಡ ಎನ್ನುವ ಕಂಪ್ರೆಸರ್, ಅದರ ಮೇಲೊಂದು ಊದುಬತ್ತಿ ಸಿಕ್ಕಿಸಿದ ಗೂಡು. ಹಿಂದಿನ ಮೂಲೆಯಲ್ಲಿ, ಗಾಳಿಯೇ ಆಡದ ಜಾಗದಲ್ಲಿ, ಇಟ್ಟಿಗೆಗಳ ಮೇಲೆ ಕೂತ ಕಬ್ಬಿಣದ ಪರಾತ. ಅದರಲ್ಲಿ ನಾಲ್ಕು ಬೆರಳು ಆಳದ ಕಪ್ಪು ಎಣ್ಣೆ, ಎಣ್ಣೆಯೊಳಗೆ ಬಿಚ್ಚಿಟ್ಟ ಇಂಜಿನ್ನಿನ ಭಾಗಗಳು. ಕುಕ್ಕುರುಗಾಲಲ್ಲಿ ಕೂತ ಹುಡುಗನೊಬ್ಬ ಬಣ್ಣ ಹಚ್ಚುವ ಹಳೆ ಬ್ರಷ್ಷಿನಿಂದ ಒಂದೊಂದನ್ನೇ ಎತ್ತಿ ಉಜ್ಜುತ್ತಿದ್ದಾನೆ.

ಗ್ಯಾರೇಜಿನ ಕೆಲಸದಲ್ಲಿ ಅರ್ಧ ಪಾಲು ತೊಳೆಯುವುದೇ. ತೊಳೆಯದ ಬೇರಿಂಗಿನಲ್ಲಿ ತೇಯ್ದ ಗುರುತು ಕಾಣುವುದಿಲ್ಲ, ತೊಳೆಯದ ಹೆಡ್ಡಿನಲ್ಲಿ ಬಿರುಕು ಕಾಣುವುದಿಲ್ಲ. ಹೊಸ ಬಿಡಿಭಾಗ ಹಾಕಿದರೂ ಅಕ್ಕಪಕ್ಕದ ಹಳೆಯದು ಕೊಳೆಯಾಗಿದ್ದರೆ ಹೊಸದು ಹೆಚ್ಚು ದಿನ ಬಾಳುವುದಿಲ್ಲ. ಇಷ್ಟು ಮುಖ್ಯವಾದ ಕೆಲಸ ಎಲ್ಲ ಕಡೆ ಗ್ಯಾರೇಜಿಗೆ ಕೊನೆಯಲ್ಲಿ ಸೇರಿದವನ ಪಾಲಿಗೆ ಬರುತ್ತದೆ. ಯಾವ ಎಣ್ಣೆಯಲ್ಲಿ ತೊಳೆಯಬೇಕು, ಅದನ್ನು ಯಾವಾಗ ಬದಲಿಸಬೇಕು ಎಂದು ಅವನಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ.

‘ಪರಾತದಾಗ ಏನ್ ಹಾಕೀರಿ ಉಸ್ತಾದ್?’ ಎಂದು ಕೇಳಿದರೆ ಗ್ಯಾರೇಜಿನ ಉಸ್ತಾದರು ಕಾಟನ್ ವೇಸ್ಟಿನಿಂದ ಕೈ ಒರೆಸಿಕೊಂಡು ಹೇಳುತ್ತಾರೆ: ‘ಮೊದಲ ಚಿಮಣಿ ಎಣ್ಣಿ ಇತ್ತರಿ. ಈಗ ಅದು ಎಲ್ಲಿ ಸಿಗ್ತದ? ಡೀಜಲ್ ಹಾಕ್ತೀವಿ. ಗಿರಾಕಿ ಜಲ್ದಿ ಮಾಡಂದ್ರ ಅದಕ್ಕೇ ಒಂದೀಟು ಪೆಟ್ರೋಲ್ ಕೂಡಸ್ತೀವಿ.’

ಈ ಮಾತಿನಲ್ಲಿ ಹಳೆಯ ಕಥೆಯೊಂದಿದೆ. ರೇಷನ್ ಅಂಗಡಿಯ ಸೀಮೆಎಣ್ಣೆ ಮನೆಯ ದೀಪಕ್ಕೂ ಒಲೆಗೂ ಎಂದು ಬರುತ್ತಿತ್ತು. ಬೇರೆಡೆ ಹೋಗದಿರಲೆಂದು ಸರ್ಕಾರ ಅದಕ್ಕೆ ನೀಲಿ ಬಣ್ಣ ಕಲಸುತ್ತಿತ್ತು. ಆದರೂ ಅದು ಗ್ಯಾರೇಜುಗಳ ಪರಾತಕ್ಕೆ ಬಂದು ಬೀಳುತ್ತಿದ್ದದ್ದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮನೆಮನೆಗೆ ಗ್ಯಾಸ್ ಸಿಲಿಂಡರ್ ಬಂದ ಮೇಲೆ ರೇಷನ್ನಿನ ಎಣ್ಣೆ ಕರಗುತ್ತ ಹೋಯಿತು. ಬಣ್ಣ ಹಾಕದ ಬಿಳಿ ಸೀಮೆಎಣ್ಣೆಗೆ ಮುಕ್ತ ಮಾರುಕಟ್ಟೆಯ ದರ. ಹಾಗಾಗಿ ಕೈಗೆ ಸಿಕ್ಕಿದ್ದು ಡೀಸೆಲ್, ಅವಸರಕ್ಕೆ ಒದಗಿದ್ದು ಪೆಟ್ರೋಲ್.

ಆ ‘ಒಂದೀಟು ಪೆಟ್ರೋಲ್’ ಬಗ್ಗೆಯೇ ಇಲ್ಲಿ ಮೊದಲು ಮಾತಾಡಬೇಕು.

ಉರಿಯುವ ಎಣ್ಣೆ ಯಾವುದೇ ಇರಲಿ, ಉರಿಯುವುದು ಎಣ್ಣೆಯಲ್ಲ, ಅದರಿಂದ ಏಳುವ ಆವಿ. ಎಷ್ಟು ಬಿಸಿಯಾದಾಗ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಮೇಲ್ಮೈಯಲ್ಲಿ ನಿಲ್ಲುತ್ತದೋ ಅದೇ ಆ ಎಣ್ಣೆಯ ಫ್ಲ್ಯಾಶ್ ಪಾಯಿಂಟ್. ಪೆಟ್ರೋಲಿನದು ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಎಂಥ ಚಳಿಯಲ್ಲೂ ಅದು ಹೊತ್ತಿಕೊಳ್ಳಲು ತಯಾರು. ಸೀಮೆಎಣ್ಣೆಗೆ ಭಾರತೀಯ ಮಾನಕದ ಪ್ರಕಾರ ಕನಿಷ್ಠ 35 ಡಿಗ್ರಿ ಇರಬೇಕು, ಸಾಮಾನ್ಯವಾಗಿ 38ರ ಆಸುಪಾಸು ಇರುತ್ತದೆ. ಡೀಸೆಲ್ಲಿಗೂ ಮಾನಕ ಹೇಳುವ ಕನಿಷ್ಠ 35 ಡಿಗ್ರಿಯೇ. ಪಂಪಿನಲ್ಲಿ ಸಿಗುವ ಡೀಸೆಲ್ ಇದಕ್ಕಿಂತ ಮೇಲಿರುವುದುಂಟು, ಆದರೆ ಎಷ್ಟು ಮೇಲೆ ಎಂಬುದು ಡಬ್ಬಿ ನೋಡಿದರೆ ತಿಳಿಯುವುದಿಲ್ಲ.

38 ಡಿಗ್ರಿಯ ಗೆರೆ ಎಲ್ಲಿಂದ ಬಂತು ಎನ್ನುವುದು ಗ್ಯಾರೇಜಿನವರು ತಿಳಿಯಬೇಕಾದ ಇತಿಹಾಸ. ನೂರು ವರ್ಷದ ಹಿಂದೆ ಅಮೆರಿಕದ ಡ್ರೈಕ್ಲೀನಿಂಗ್ ಅಂಗಡಿಗಳು ಪೆಟ್ರೋಲಿನಂಥ ಹಗುರ ಎಣ್ಣೆಯಲ್ಲಿ ಬಟ್ಟೆ ತೊಳೆದು ಬೆಂಕಿಗೆ ತುತ್ತಾಗುತ್ತಿದ್ದವು. ಅಟ್ಲಾಂಟಾದ ಡ್ರೈಕ್ಲೀನರ್ ಡಬ್ಲ್ಯೂ. ಜೆ. ಸ್ಟಾಡರ್ಡ್ ಮತ್ತು ಮೆಲನ್ ಸಂಸ್ಥೆಯ ಲಾಯ್ಡ್ ಜಾಕ್ಸನ್ 1924ರಲ್ಲಿ ಸುಲಭಕ್ಕೆ ಹೊತ್ತದ ದ್ರಾವಕವೊಂದನ್ನು ರೂಪಿಸಿದರು. ಅದರ ಫ್ಲ್ಯಾಶ್ ಪಾಯಿಂಟ್ 100 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ನಮ್ಮ ಲೆಕ್ಕದಲ್ಲಿ 38 ಡಿಗ್ರಿ. ‘ಸ್ಟಾಡರ್ಡ್ ಸಾಲ್ವೆಂಟ್’ ಎಂಬ ಅದೇ ದ್ರಾವಕ ಮುಂದೆ ಗ್ಯಾರೇಜುಗಳಲ್ಲಿ ಬಿಡಿಭಾಗ ತೊಳೆಯುವ ಯಂತ್ರಕ್ಕೂ, ಅಂದರೆ ಪಾರ್ಟ್ಸ್ ವಾಷರಿಗೂ ಬಂತು. ನಮ್ಮ ಬಣ್ಣದ ಅಂಗಡಿಗಳಲ್ಲಿ ಎಂಟಿಒ ಎಂದು ಸಿಗುವ ಮಿನರಲ್ ಟರ್ಪೆಂಟೈನ್ ಇದರ ಹತ್ತಿರದ ಸಂಬಂಧಿ. ಅಂಗಡಿಯೊಳಗಿನ ಗಾಳಿ 38 ಡಿಗ್ರಿ ಮುಟ್ಟುವುದು ಅಪರೂಪ ಎನ್ನುವ ದೇಶಗಳಲ್ಲಿ ಆ ಗೆರೆ ಕಾಪಾಡುತ್ತದೆ.

ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 42, 43 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ತಗಡಿನ ಛಾವಣಿಯ ಕೆಳಗೆ ಇನ್ನೂ ಹೆಚ್ಚು. ಅಂದರೆ ಪರಾತದಲ್ಲಿ ಸೀಮೆಎಣ್ಣೆಯಿದ್ದರೆ, ಜನವರಿಯಲ್ಲಿ ಸುಮ್ಮನಿದ್ದದ್ದು ಮೇ ತಿಂಗಳಲ್ಲಿ ತನ್ನ ಫ್ಲ್ಯಾಶ್ ಪಾಯಿಂಟ್ ದಾಟಿ ಕೂತಿರುತ್ತದೆ; ಡೀಸೆಲ್ಲೂ ಆ ಗೆರೆಯ ಹತ್ತಿರ ಬಂದಿರಬಹುದು. ಎಣ್ಣೆ ಅದೇ, ಪರಾತ ಅದೇ, ಹುಡುಗನೂ ಅವನೇ, ಬದಲಾದದ್ದು ಹವೆ. ಸೀಮೆಎಣ್ಣೆಗೆ ಬೆಂಕಿಕಡ್ಡಿ ಎಸೆದರೂ ಆರುತ್ತದೆ ಎಂಬ ಹಳೆಯ ಧೈರ್ಯ ಈ ಊರಿನ ಬೇಸಿಗೆಯಲ್ಲಿ ಕೆಲಸಕ್ಕೆ ಬಾರದು. ಅದರ ಮೇಲೆ ಸ್ವಲ್ಪ ಪೆಟ್ರೋಲ್ ಸೇರಿತೆಂದರೆ ಇಡೀ ಪರಾತವೇ ಪೆಟ್ರೋಲಿನಂತೆ ವರ್ತಿಸುತ್ತದೆ; ಫ್ಲ್ಯಾಶ್ ಪಾಯಿಂಟ್ ಇಳಿಯಲು ಶೇಕಡ ಕೆಲವೇ ಪಾಲು ಸಾಕು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗದೆ ನೆಲಕ್ಕೆ ಇಳಿಯುತ್ತದೆ, ಕಂಪ್ರೆಸರಿನ ಸ್ವಿಚ್ಚಿನವರೆಗೆ, ವೆಲ್ಡಿಂಗ್ ಮಾಡುವ ಪಕ್ಕದ ಅಂಗಡಿಯವರೆಗೆ ತೆವಳಿಕೊಂಡು ಹೋಗುತ್ತದೆ.

ಉಸ್ತಾದರು ಇದನ್ನು ಕೇಳಿ ಗೂಡಿನ ಕಡೆ ನೋಡುತ್ತಾರೆ. ಪರಾತಕ್ಕೂ ಊದುಬತ್ತಿಗೂ ನಡುವೆ ಆರು ಅಡಿ ಇರಬಹುದು.

ಈ ಗ್ಯಾರೇಜಿನಲ್ಲಿ ಖರ್ಚಿಲ್ಲದೆ ಇವತ್ತೇ ಮಾಡಬಹುದಾದ ಬದಲಾವಣೆಗಳಿವೆ. ಪರಾತ ಹಿಂದಿನ ಮೂಲೆಯಿಂದ ಶಟರಿನ ಬಳಿ ಬರಬೇಕು, ನೆರಳಿರಬೇಕು, ಗಾಳಿ ಆಡಬೇಕು. ಅದಕ್ಕೊಂದು ತಗಡಿನ ಮುಚ್ಚಳ ಬೇಕು. ವಿದೇಶದ ಪಾರ್ಟ್ಸ್ ವಾಷರುಗಳಲ್ಲಿ ಮುಚ್ಚಳವನ್ನು ಎತ್ತಿ ಹಿಡಿದಿರುವ ಕೊಂಡಿ ಬೇಗ ಕರಗುವ ಲೋಹದ್ದು. ಒಳಗೆ ಬೆಂಕಿ ಹತ್ತಿದರೆ ಕೊಂಡಿ ಕರಗಿ ಮುಚ್ಚಳ ತಾನೇ ಬಿದ್ದು ಬೆಂಕಿಯ ಉಸಿರು ಕಟ್ಟಿಸುತ್ತದೆ. ನಮ್ಮಲ್ಲಿ ಆ ಕೊಂಡಿ ಇರದಿದ್ದರೂ ಕೈಗೆ ಸಿಗುವಂತೆ ಮುಚ್ಚಳ, ಪಕ್ಕದಲ್ಲಿ ಎರಡು ಬುಟ್ಟಿ ಒಣ ಮರಳು ಇದ್ದರೆ ಅದೇ ದೊಡ್ಡ ಬಲ. ಉರಿಯುವ ಎಣ್ಣೆಗೆ ನೀರು ಎರಚಿದರೆ ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿ ಇಡೀ ನೆಲಕ್ಕೆ ಹರಡುತ್ತದೆ. ಇದನ್ನು ಆ ಹುಡುಗನಿಗೆ ಮೊದಲ ದಿನವೇ ಹೇಳಬೇಕು.

ಎಣ್ಣೆಯನ್ನೇ ಬದಲಿಸಬಹುದಾದರೆ ಇನ್ನೂ ಒಳ್ಳೆಯದು. 1934ರ ಪೆಟ್ರೋಲಿಯಂ ಕಾಯ್ದೆ ಈ ದ್ರವಗಳನ್ನು ಮೂರು ವರ್ಗ ಮಾಡಿದೆ: ಫ್ಲ್ಯಾಶ್ ಪಾಯಿಂಟ್ 23 ಡಿಗ್ರಿಗಿಂತ ಕೆಳಗಿನದು ಎ, 23ರಿಂದ 65ರ ಒಳಗಿನದು ಬಿ, 65ರಿಂದ 93ರ ಒಳಗಿನದು ಸಿ. ಆರೊಮ್ಯಾಟಿಕ್ ಅಂಶ ತೆಗೆದು ಶುದ್ಧಿ ಮಾಡಿದ, 65ಕ್ಕೂ ಮೇಲಿನ ಫ್ಲ್ಯಾಶ್ ಪಾಯಿಂಟಿನ ಕ್ಲೀನಿಂಗ್ ಸಾಲ್ವೆಂಟುಗಳು ಕೈಗಾರಿಕಾ ಕೆಮಿಕಲ್ ಮಾರುವವರ ಬಳಿ ಡ್ರಮ್ಮಿನಲ್ಲಿ ಸಿಗುತ್ತವೆ. ಬೆಲೆ ಡೀಸೆಲ್ಲಿಗಿಂತ ಹೆಚ್ಚು, ಒಣಗಲು ಹೊತ್ತು ಹಿಡಿಯುತ್ತದೆ. ಆದರೆ ವಾಸನೆ ಕಡಿಮೆ, ಆವಿಯಾಗಿ ಹಾರಿಹೋಗುವುದೂ ಕಡಿಮೆ. ಬೇಸಿಗೆಯಲ್ಲಿ ಮುಚ್ಚಳವಿಲ್ಲದ ಪರಾತದಿಂದ ಎಷ್ಟು ಎಣ್ಣೆ ಗಾಳಿಗೆ ಹೋಗುತ್ತದೆ ಎಂದು ಲೆಕ್ಕ ಇಟ್ಟ ಗ್ಯಾರೇಜು ಕಡಿಮೆ. ಇಟ್ಟರೆ ಬೆಲೆಯ ಅಂತರ ಅಷ್ಟು ದೊಡ್ಡದಾಗಿ ಕಾಣದು. ಕೊಳ್ಳುವಾಗ ಡಬ್ಬಿಯ ಹೆಸರು ನೋಡಬೇಡಿ, ಅದರ ಸುರಕ್ಷತಾ ಹಾಳೆ ಕೇಳಿ. ಫ್ಲ್ಯಾಶ್ ಪಾಯಿಂಟ್ ಅದರಲ್ಲಿ ಬರೆದಿರಲೇಬೇಕು. ಹಾಳೆ ಕೊಡಲಾರದ ಅಂಗಡಿಯಿಂದ ತೊಳೆಯುವ ದ್ರವ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಥಿನ್ನರ್ ಮಾತ್ರ ಬೇಡವೇ ಬೇಡ. ಅದರಲ್ಲಿರುವ ಟಾಲ್ವಿನ್ ನಾಲ್ಕು ಡಿಗ್ರಿಗೇ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ, ತಲೆಗೂ ಏರುತ್ತದೆ. ಸ್ಪ್ರೇ ಡಬ್ಬಿಗಳಲ್ಲಿ ಬರುವ ಬ್ರೇಕ್ ಕ್ಲೀನರಿನ ಹಿಂಬದಿಯನ್ನೂ ಓದಬೇಕು. ಕ್ಯಾಲಿಫೋರ್ನಿಯಾದಲ್ಲಿ 1999–2000ರ ಸುಮಾರಿಗೆ ಕೆಲವು ವಾಹನ ರಿಪೇರಿಯವರಿಗೆ ಕೈಕಾಲು ಜೋಮು ಹಿಡಿದು ಬಲ ಕುಂದತೊಡಗಿತು. ಹುಡುಕುತ್ತ ಹೋದಾಗ ಅವರು ದಿನವೂ ಬಳಸುತ್ತಿದ್ದ ಕ್ಲೀನರಿನಲ್ಲಿದ್ದ ಎನ್-ಹೆಕ್ಸೇನ್ ನರಗಳನ್ನು ಹಾಳು ಮಾಡಿತ್ತು. ಕ್ಲೋರಿನ್ ಸೇರಿದ ದ್ರಾವಕಗಳು ಹೊತ್ತಿಕೊಳ್ಳುವುದಿಲ್ಲ ಎಂಬುದೇ ಅವುಗಳ ಆಕರ್ಷಣೆ. ಆದರೆ ಟ್ರೈಕ್ಲೋರೋಎಥಿಲೀನ್ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳಿದೆ. ಇನ್ನೊಂದು ಹಳೆಯ ಸಂಗಾತಿ ಕಾರ್ಬನ್ ಟೆಟ್ರಾಕ್ಲೋರೈಡ್. ಓಝೋನ್ ಪದರಕ್ಕೆ ಮಾರಕವೆಂದು ಮಾಂಟ್ರಿಯಲ್ ಒಪ್ಪಂದದಡಿ ಭಾರತ 2010ರ ಹೊತ್ತಿಗೆ ಇಂಥ ಬಳಕೆಯಿಂದ ಅದನ್ನು ಕೈಬಿಟ್ಟಿತು.

ಹುಡುಗನ ಕೈ ನೋಡಿದೆ. ಬೆರಳ ಸಂದಿಯಲ್ಲಿ ಚರ್ಮ ಒಣಗಿ ಸೀಳು ಬಿಟ್ಟಿದೆ. ಸೀಮೆಎಣ್ಣೆ, ಡೀಸೆಲ್ ಎರಡೂ ಚರ್ಮದ ಜಿಡ್ಡನ್ನು ತೊಳೆದು ತೆಗೆಯುತ್ತವೆ. ಸಂಜೆ ಅದೇ ಎಣ್ಣೆಯಲ್ಲಿ ಕೈ ತೊಳೆದು ಮೇಲೆ ಬಟ್ಟೆ ಪುಡಿ ಹಾಕಿ ಉಜ್ಜಿದರೆ ಉಳಿದದ್ದೂ ಹೋಯಿತು. ನೈಟ್ರೈಲ್ ಕೈಗವಸು ಎಣ್ಣೆ ತಡೆಯುತ್ತದೆ. ಆಸ್ಪತ್ರೆಯ ಬಿಳಿ ರಬ್ಬರ್ ಕೈಗವಸು ಎಣ್ಣೆಗೆ ಉಬ್ಬಿ ಹರಿಯುತ್ತದೆ. ಈ ಹುಡುಗನಿಗೆ ಹದಿನೆಂಟು ದಾಟಿದೆ ಎಂದು ಉಸ್ತಾದರು ಹೇಳಿದರು. ಹದಿನಾಲ್ಕರೊಳಗಿನವರನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಅದಕ್ಕೂ ಮೇಲಿನ ವಯಸ್ಸಿನವರ ಕೈಗಾದರೂ ಒಂದು ಜೊತೆ ಗವಸು ಕೊಡುವುದು ಮಾಲೀಕನ ಕರ್ತವ್ಯವೇ.

ಇನ್ನು ಎಣ್ಣೆಯ ಆರೈಕೆ. ಪರಾತದ ಎಣ್ಣೆ ಕಪ್ಪಾದ ಕೂಡಲೇ ಕೆಟ್ಟಿತೆಂದು ಚೆಲ್ಲುವವರಿದ್ದಾರೆ, ಕೆಸರಾದರೂ ಬಿಡದೆ ಉಜ್ಜುವವರೂ ಇದ್ದಾರೆ. ಬಣ್ಣ ಅಳತೆಗೋಲಲ್ಲ. ಒಂದು ಗಾಜಿನ ಚೂರನ್ನು ಚೆನ್ನಾಗಿ ಒರೆಸಿ ಅದರ ಮೇಲೆ ತಿಳಿಯಾದ ಎಣ್ಣೆಯ ನಾಲ್ಕು ಹನಿ ಹರಡಿ ಒಣಗಲು ಬಿಡಿ. ಒಣಗಿದ ಮೇಲೆ ಬೆರಳಿಗೆ ಅಂಟುವ ಜಿಡ್ಡು ಉಳಿದರೆ ಆ ಎಣ್ಣೆ ಇನ್ನು ಗ್ರೀಸನ್ನು ಕರಗಿಸುತ್ತಿಲ್ಲ, ಒಂದು ಭಾಗದಿಂದ ಇನ್ನೊಂದಕ್ಕೆ ಬಳಿಯುತ್ತಿದೆ ಎಂದರ್ಥ. ಹೊಸ ಎಣ್ಣೆಯ ನಾಲ್ಕು ಹನಿಯನ್ನೂ ಪಕ್ಕದಲ್ಲಿ ಒಣಗಿಸಿ ಹೋಲಿಸಿದರೆ ಮೋಸ ಹೋಗುವ ಮಾತಿಲ್ಲ, ಏಕೆಂದರೆ ಡೀಸೆಲ್ ಹೊಸದಾಗಿದ್ದರೂ ಸ್ವಲ್ಪ ಜಿಡ್ಡು ಬಿಡುತ್ತದೆ.

ಒಂದರ ಬದಲು ಎರಡು ಪರಾತ ಇಟ್ಟರೆ ಅದೇ ಎಣ್ಣೆ ಹೆಚ್ಚು ದಿನ ಬರುತ್ತದೆ. ಮೊದಲನೆಯದರಲ್ಲಿ ಒರಟು ತೊಳೆತ, ಎರಡನೆಯದರಲ್ಲಿ ಕೊನೆಯ ಮುಳುಗು. ಎರಡನೆಯದು ಕೊಳೆಯಾದಾಗ ಅದು ಮೊದಲನೆಯದರ ಜಾಗಕ್ಕೆ ಬರುತ್ತದೆ, ಮೊದಲನೆಯದು ಮುಚ್ಚಳವಿರುವ ಡ್ರಮ್ಮಿಗೆ ಹೋಗುತ್ತದೆ. ಡ್ರಮ್ಮಿನಲ್ಲಿ ಎರಡು ಮೂರು ದಿನ ಅಲುಗಾಡದೆ ಬಿಟ್ಟರೆ ಲೋಹದ ಪುಡಿ, ಮಣ್ಣು, ಮಸಿ ತಳ ಸೇರುತ್ತವೆ. ಮೇಲಿನ ತಿಳಿಯನ್ನು ಒತ್ತಾದ ಬಟ್ಟೆಯಲ್ಲಿ ಸೋಸಿ ಮತ್ತೆ ಒರಟು ತೊಳೆತಕ್ಕೆ ಬಳಸಬಹುದು. ಪರಾತದ ತಳದಿಂದ ಎರಡು ಬೆರಳು ಮೇಲೆ ತೂತಿನ ತಗಡೊಂದನ್ನು ಇಟ್ಟರೆ ಕೆಸರು ಅದರ ಕೆಳಗೆ ಕೂರುತ್ತದೆ, ಬ್ರಷ್ ಆಡಿದಾಗ ಮತ್ತೆ ಮೇಲೇಳುವುದಿಲ್ಲ. ಈ ತಗಡಿನ ಉಪಾಯ ಗಾಜಿಪುರದ ಇನ್ನೊಂದು ಗ್ಯಾರೇಜಿನಲ್ಲಿ ಕಂಡೆ. ಹಳೆಯ ಜರಡಿಯೊಂದನ್ನು ಕತ್ತರಿಸಿ ಕೂರಿಸಿದ್ದರು.

ಏನನ್ನು ಎಣ್ಣೆಯಲ್ಲಿ ಅದ್ದಬಾರದು ಎಂಬುದೂ ಆರೈಕೆಯ ಭಾಗವೇ. ಬ್ರೇಕ್ ಸಿಲಿಂಡರಿನ ರಬ್ಬರ್ ಕಪ್ ಸೀಮೆಎಣ್ಣೆ ಅಥವಾ ಡೀಸೆಲ್ ತಾಗಿದರೆ ಉಬ್ಬುತ್ತದೆ, ಬ್ರೇಕ್ ಹಿಡಿದದ್ದು ಬಿಡದೆ ಹೋಗಬಹುದು. ಅದನ್ನು ಹೊಸ ಬ್ರೇಕ್ ಆಯಿಲ್ಲಿನಲ್ಲೋ ಸ್ಪಿರಿಟ್ಟಿನಲ್ಲೋ ತೊಳೆಯಬೇಕು. ಬ್ರೇಕ್ ಶೂ, ಕ್ಲಚ್ ಪ್ಲೇಟುಗಳ ಲೈನಿಂಗ್ ಎಣ್ಣೆ ಹೀರಿತೆಂದರೆ ಹಿಡಿತ ಹೋಯಿತು. ಬ್ರೇಕ್ ಡ್ರಮ್ಮಿನೊಳಗಿನ ಧೂಳನ್ನು ಕಂಪ್ರೆಸರಿನ ಗಾಳಿಯಿಂದ ಊದುವ ಅಭ್ಯಾಸ ಎಲ್ಲೆಡೆ ಇದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತದೆ, ಅದರ ಎಳೆ ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಸಾಬೂನು ನೀರಲ್ಲಿ ನೆನೆಸಿ ಒದ್ದೆ ಬಟ್ಟೆಯಿಂದ ಒರೆಸುವುದು ಸರಿಯಾದ ದಾರಿ.

ಗಾಜಿಪುರ ಬಿಟ್ಟು ಹುಮನಾಬಾದ್ ರಸ್ತೆಗೆ ಬಂದರೆ ಗ್ಯಾರೇಜುಗಳ ಆಕಾರ ದೊಡ್ಡದಾಗುತ್ತದೆ. ಲಾರಿ, ಟಿಪ್ಪರ್ ನಿಲ್ಲುವ ಒಂದು ವರ್ಕ್‌ಶಾಪಿನಲ್ಲಿ ಬೀರುವಿನಷ್ಟು ಎತ್ತರದ ಕಬ್ಬಿಣದ ಪೆಟ್ಟಿಗೆ ಇತ್ತು. ಬಾಗಿಲು ಮುಚ್ಚಿದರೆ ಒಳಗೆ ತಿರುಗುವ ಜಾಲರಿಯ ಮೇಲೆ ಇಂಜಿನ್ ಹೆಡ್ ಸುತ್ತುತ್ತದೆ, ನಾಲ್ಕೂ ಕಡೆಯಿಂದ ಬಿಸಿನೀರು ಚಿಮ್ಮುತ್ತದೆ. ಇದು ನೀರಿನ ಪಾರ್ಟ್ಸ್ ವಾಷರ್. ಎಣ್ಣೆಯ ಜಾಗದಲ್ಲಿ ಕ್ಷಾರದ ಪುಡಿ ಕಲಸಿದ ನೀರು, 60 ಡಿಗ್ರಿಯ ಆಸುಪಾಸಿನ ಬಿಸಿ. ದ್ರವಕ್ಕೆ ಬೆಂಕಿ ಹತ್ತುವ ಭಯ ಇಲ್ಲವೇ ಇಲ್ಲ. ನನ್ನ ಮಟ್ಟಿಗೆ ಈ ಊರಿನ ಬೇಸಿಗೆಗೆ ಇದೇ ಸರಿಯಾದ ಯಂತ್ರ. ನೂರು ಲೀಟರ್ ನೀರನ್ನು 30ರಿಂದ 60 ಡಿಗ್ರಿಗೆ ಏರಿಸಲು ಸುಮಾರು ಮೂರೂವರೆ ಯೂನಿಟ್ ಕರೆಂಟು ಸಾಕು. ಮೇ ತಿಂಗಳ ಟ್ಯಾಂಕಿಯ ನೀರು ಬಂದಾಗಲೇ ಬೆಚ್ಚಗಿರುವುದರಿಂದ ಅಷ್ಟೂ ಬೇಕಾಗದು.

ಆದರೆ ನೀರಿನ ಯಂತ್ರಕ್ಕೆ ಎಣ್ಣೆಯ ಪರಾತಕ್ಕಿಂತ ಹೆಚ್ಚು ಜತನ ಬೇಕು. ಅಗ್ಗದ ಪುಡಿಯೆಂದು ಕಾಸ್ಟಿಕ್ ಸೋಡಾ ಸುರಿದರೆ ಕಬ್ಬಿಣ ಬೆಳ್ಳಗಾಗುತ್ತದೆ, ಅಲ್ಯೂಮಿನಿಯಂ ಕರಗುತ್ತದೆ. ಕಾಸ್ಟಿಕ್ ನೀರಿನಲ್ಲಿ ಅಲ್ಯೂಮಿನಿಯಂ ಹೆಡ್ ಮುಳುಗಿಸಿದರೆ ಬುರುಬುರು ಗುಳ್ಳೆ ಏಳುತ್ತದೆ. ಆ ಗುಳ್ಳೆ ಹೈಡ್ರೋಜನ್, ಅದೂ ಹೊತ್ತಿಕೊಳ್ಳುವ ಅನಿಲ. ಹೊರತೆಗೆದಾಗ ಹೆಡ್ ಕಪ್ಪಿಟ್ಟಿರುತ್ತದೆ, ಗ್ಯಾಸ್ಕೆಟ್ ಕೂರುವ ನಯವಾದ ಮೈ ತರಿತರಿಯಾಗಿರುತ್ತದೆ. ಇವತ್ತಿನ ಬೈಕು, ಕಾರುಗಳ ಇಂಜಿನ್ನಿನಲ್ಲಿ ಬಹುಪಾಲು ಅಲ್ಯೂಮಿನಿಯಂ. ಹಾಗಾಗಿ ಪುಡಿ ಕೊಳ್ಳುವಾಗ ‘ಅಲ್ಯೂಮಿನಿಯಂಗೆ ಸುರಕ್ಷಿತ’ ಎಂದು ಸ್ಪಷ್ಟವಾಗಿ ಬರೆದದ್ದೇ ಬೇಕು. ಅದರಲ್ಲಿ ಸಾಮಾನ್ಯವಾಗಿ ಸಿಲಿಕೇಟ್ ಇರುತ್ತದೆ, ಲೋಹದ ಮೈಮೇಲೆ ತೆಳು ಪೊರೆ ಕಟ್ಟಿ ಕಾಯುತ್ತದೆ.

ಎರಡನೆಯ ಕಾಟ ನೀರಿನದ್ದೇ. ಇಲ್ಲಿಯ ಬೋರ್ ನೀರು ಗಡಸು. ಮನೆಯ ಗೀಸರಿನ ಕಾಯಿಲ್ ಬಿಚ್ಚಿದವರಿಗೆ ಅದರ ಮೇಲಿನ ಬಿಳಿ ತೊಗಟೆ ಗೊತ್ತು. ಯಂತ್ರದ ಹೀಟರಿಗೂ ಅದೇ ಗತಿ. ನೀರಿನ ಸುಣ್ಣ ಪುಡಿಯ ಶಕ್ತಿಯನ್ನೂ ತಿಂದುಹಾಕುತ್ತದೆ. ಇದನ್ನು ವರ್ಕ್‌ಶಾಪಿನವರು ಚೆನ್ನಾಗಿ ಬಗೆಹರಿಸಿಕೊಂಡಿದ್ದರು. ಆಫೀಸಿನ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಕ್ಯಾನಿನಲ್ಲಿ ಹಿಡಿದಿಡುತ್ತಾರೆ. ಗಾಳಿಯ ತೇವ ತಣಿದು ಇಳಿದ ಆ ನೀರಿನಲ್ಲಿ ಸುಣ್ಣವಿಲ್ಲ. ದಿನವೂ ಆವಿಯಾಗಿ ಕಡಿಮೆಯಾದಷ್ಟನ್ನು ಅದರಿಂದಲೇ ತುಂಬಿಸುತ್ತಾರೆ.

ಹೀಗೆ ತುಂಬಿಸುವುದರಲ್ಲೇ ಹೆಚ್ಚಿನವರು ಎಡವುವುದು. ಮಟ್ಟ ಇಳಿಯಿತೆಂದು ಪ್ರತಿ ಸಲ ಪುಡಿಯನ್ನೂ ಸೇರಿಸುತ್ತಾರೆ. ಆವಿಯಾಗಿ ಹೋದದ್ದು ನೀರು ಮಾತ್ರ, ಪುಡಿ ಒಳಗೇ ಇದೆ. ಒಲೆಯ ಮೇಲೆ ಮರೆತ ಸಾರಿನಂತೆ ದ್ರವ ಗಟ್ಟಿಯಾಗುತ್ತಲೇ ಹೋಗುತ್ತದೆ. ಭಾಗಗಳಿಗೆ ಅಂಟಿಕೊಂಡು ಹೊರಹೋದ ದ್ರವಕ್ಕೆ ಮಾತ್ರ ಪುಡಿ ಬೆರೆಸಿದ ನೀರು ಸೇರಿಸಬೇಕು. ಲೀಟರಿಗೆ ಎಷ್ಟು ಗ್ರಾಂ ಎಂಬುದು ಚೀಲದ ಮೇಲೆ ಇರುತ್ತದೆ, ಅದೇ ಪ್ರಮಾಣ. ದ್ರಾಕ್ಷಿ ಬೆಳೆಗಾರರು ಸಕ್ಕರೆ ನೋಡಲು ಬಳಸುವ ಚಿಕ್ಕ ರಿಫ್ರ್ಯಾಕ್ಟೋಮೀಟರ್ ಇಲ್ಲೂ ಕೆಲಸಕ್ಕೆ ಬರುತ್ತದೆ: ಹೊಸ ದ್ರವದ ಅಂಕಿ ಗೋಡೆಯ ಮೇಲೆ ಬರೆದಿಟ್ಟು ವಾರಕ್ಕೊಮ್ಮೆ ತಾಳೆ ನೋಡಿದರೆ ಸಾಕು.

ಭಾಗಗಳಿಂದ ಬಿಟ್ಟು ನೀರಿನ ಮೇಲೆ ತೇಲುವ ಎಣ್ಣೆಯನ್ನು ತೆಗೆಯಲು ಒಳ್ಳೆಯ ಹೊತ್ತು ಬೆಳಿಗ್ಗೆ, ಪಂಪು ಹಚ್ಚುವ ಮೊದಲು. ರಾತ್ರಿ ತಣ್ಣಗಾಗುತ್ತ ಎಣ್ಣೆ ಬೇರ್ಪಟ್ಟು ಮೇಲೆ ಬಂದಿರುತ್ತದೆ. ಪಂಪು ಒಮ್ಮೆ ಓಡಿತೆಂದರೆ ಎಲ್ಲ ಮತ್ತೆ ಕಲಸಿಹೋಗುತ್ತದೆ. ನೊರೆ ಹೆಚ್ಚು ಬರುವ ಬಟ್ಟೆ ಪುಡಿ, ಪಾತ್ರೆ ತೊಳೆಯುವ ದ್ರವ ಇವನ್ನು ಹಾಕಿದರೆ ಎಣ್ಣೆ ಬೇರ್ಪಡುವುದೇ ಇಲ್ಲ, ನೀರೆಲ್ಲ ಹಾಲಾಗಿ ಕೂರುತ್ತದೆ, ಪಂಪು ನೊರೆ ಕುಡಿಯುತ್ತದೆ. ಹಬ್ಬಕ್ಕೆ ನಾಲ್ಕು ದಿನ ಯಂತ್ರ ನಿಲ್ಲಿಸಿದರೆ ಬೆಚ್ಚನೆಯ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಬಂದ ದಿನ ಮೊದಲು ಪೂರ್ತಿ ಕಾಯಿಸಿ ತಿರುಗಿಸಬೇಕು. ಇನ್ನು ತೊಳೆದ ಕಬ್ಬಿಣ ನೀರಾರುವಷ್ಟರಲ್ಲಿ ಕೆಂಪು ತುಕ್ಕು ಹಿಡಿಯುವುದು. ಬಿಸಿ ಇರುವಾಗಲೇ ಹೊರತೆಗೆದರೆ ತನ್ನ ಕಾವಿನಲ್ಲೇ ಒಣಗುತ್ತದೆ, ಕೂಡಲೇ ಎಣ್ಣೆ ಸವರಿಟ್ಟರೆ ತುಕ್ಕಿನ ಮಾತಿಲ್ಲ. ಈ ಊರಿನ ಒಣ ಬೇಸಿಗೆ ಒದಗಿಬರುವುದು ಈ ಒಂದು ವಿಷಯದಲ್ಲಿ.

ಅದೇ ರಸ್ತೆಯಲ್ಲಿ ಮಹಾಗಾಂವ ಕ್ರಾಸ್ ದಾಟಿ ಮುಂದೆ ಹೋದರೆ ಕಮಲಾಪುರ. ಕೆಂಪು ಬಾಳೆಗೆ ಹೆಸರಾದ ಊರು, ಈಗ ತಾಲ್ಲೂಕು ಕೇಂದ್ರ. ಇಲ್ಲಿ ಬೈಕಿಗಿಂತ ಟ್ರ್ಯಾಕ್ಟರ್ ಮುಖ್ಯ. ಜೂನ್ ಮೊದಲ ವಾರದ ಕೊನೆಗೆ ಮಿರ್ಗ, ಅಂದರೆ ಮೃಗಶಿರಾ ಮಳೆ, ಕೂಡುತ್ತದೆ, ಮಳೆ ಬಿದ್ದ ಕೂಡಲೇ ತೊಗರಿ ಬಿತ್ತನೆ. ಅದಕ್ಕೂ ಮೊದಲು ಟ್ರ್ಯಾಕ್ಟರ್, ರೋಟವೇಟರ್ ಎಲ್ಲವೂ ರಿಪೇರಿಯಾಗಿ ನಿಂತಿರಬೇಕು. ಹಾಗಾಗಿ ವರ್ಷದ ಅತಿ ಹೆಚ್ಚು ತೊಳೆಯುವ ಕೆಲಸ ಬೀಳುವುದು ವರ್ಷದ ಅತಿ ಬಿಸಿಯ ತಿಂಗಳಲ್ಲಿ. ಪೆಟ್ರೋಲ್ ಬೆರೆಸಲು ಅವಸರ ಮಾಡುವುದೂ ಆಗಲೇ.

ಇಲ್ಲಿಯ ಕೊಳೆಯ ಗುಣವೂ ಬೇರೆ. ಬೇವಿನ ಮರದ ನೆರಳಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿಯ ಹಬ್ ಬಿಚ್ಚುತ್ತಿದ್ದರು. ಗ್ರೀಸಿನ ಮೇಲೆ ಎರಿ ಮಣ್ಣು ಕೂತು ಒಣಗಿ ಬಟ್ಟಲಿನಂತೆ ಎದ್ದುಬಂತು. ಎರಿ ಮಣ್ಣಿನ ಜೇಡಿ ಅತಿ ಸಣ್ಣ ಕಣದ್ದು, ನೀರು ಕುಡಿದು ಉಬ್ಬುವಂಥದ್ದು. ಕ್ಷಾರದ ನೀರಿನಲ್ಲಿ ಅದು ತಳಕ್ಕೆ ಕೂರುವುದೇ ಇಲ್ಲ, ದಿನಗಟ್ಟಲೆ ರಾಡಿಯಾಗಿ ತೇಲುತ್ತಿರುತ್ತದೆ. ಎಣ್ಣೆಯಲ್ಲಿ ಉಬ್ಬದೆ ಬೇಗ ತಳ ಸೇರುತ್ತದೆ. ಆದ್ದರಿಂದ ಹೊಲದ ಯಂತ್ರಕ್ಕೆ ಮೊದಲ ತೊಳೆತ ದ್ರವದ್ದಲ್ಲ, ಮರದ ಚಕ್ಕೆಯದ್ದು. ಒಣಗಿರುವಾಗಲೇ ಕೆರೆದು ತೆಗೆದರೆ ಮುಕ್ಕಾಲು ಪಾಲು ಮಣ್ಣು ಅಲ್ಲೇ ಉದುರುತ್ತದೆ, ಆಮೇಲಿನ ಎಣ್ಣೆ ನಾಲ್ಕು ಪಟ್ಟು ದಿನ ಬರುತ್ತದೆ. ಇಲ್ಲಿನ ಮೇಸ್ತ್ರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು. ‘ಮಣ್ಣು ಎಣ್ಣ್ಯಾಗ ಯಾಕ ಹಾಕ್ಬೇಕ್ರಿ? ಮೊದಲ ಕೆರೀಬೇಕು, ಆಮ್ಯಾಲ ತೊಳೀಬೇಕು,’ ಎಂದರು.

ಬೇರಿಂಗ್ ತೊಳೆದ ಮೇಲೆ ಪಕ್ಕದ ಹುಡುಗ ಕಂಪ್ರೆಸರಿನ ಪೈಪು ಹಿಡಿದು ಅದನ್ನು ಗಾಳಿಗೆ ತಿರುಗಿಸಲು ಹೋದ. ಮೇಸ್ತ್ರಿ ಪೈಪು ಕಿತ್ತುಕೊಂಡರು. ಎಣ್ಣೆಯಿಲ್ಲದ ಬೇರಿಂಗ್ ಗಾಳಿಯ ಹೊಡೆತಕ್ಕೆ ಸಾವಿರಾರು ಸುತ್ತು ತಿರುಗಿ ಒಡೆದು ರೋಲರುಗಳು ಸಿಡಿಯಬಹುದು. ಹೊರ ಸುತ್ತನ್ನು ಬೆರಳಿನಿಂದ ಬಿಗಿಯಾಗಿ ಹಿಡಿದು ಗಾಳಿ ಅಡ್ಡವಾಗಿ ಹಾಯುವಂತೆ ಬಿಟ್ಟರು. ಒಣಗಿದ ಮೇಲೆ ಬಿಸಿಲಿಗೆ ಹಿಡಿದು ರೋಲರುಗಳನ್ನು ಒಂದೊಂದಾಗಿ ನೋಡಿದರು. ಒಂದರ ಮೈಮೇಲೆ ಸಾಸಿವೆಯಷ್ಟು ಗುಳಿ. ‘ಇದು ಬದಲಿ ಮಾಡ್ಬೇಕ್ರಿ ಗೌಡ್ರ,’ ಎಂದು ಟ್ರ್ಯಾಕ್ಟರಿನ ಯಜಮಾನರ ಕೈಗೇ ಕೊಟ್ಟು ತೋರಿಸಿದರು. ತೊಳೆಯದಿದ್ದರೆ ಆ ಗುಳಿ ಬಿತ್ತನೆಯ ನಡುವೆ ಹೊಲದಲ್ಲಿ ಕಾಣಿಸಿಕೊಳ್ಳುತ್ತಿತ್ತು.

ಉಳಿದದ್ದು ಕೆಸರಿನ ಪ್ರಶ್ನೆ. ಗಾಜಿಪುರದಲ್ಲಿ ತಳದ ಕೆಸರು ಗಟಾರಕ್ಕೆ ಹೋಗುತ್ತದೆ, ಕಮಲಾಪುರದಲ್ಲಿ ಮರದ ಹಿಂದಿನ ತಗ್ಗಿಗೆ. ಮೊದಲ ಮಳೆಗೆ ಎರಡೂ ಹಳ್ಳದ ದಾರಿ ಹಿಡಿಯುತ್ತವೆ. ಕಲಬುರಗಿ ನಗರಕ್ಕೆ ಕುಡಿಯುವ ನೀರು ಬರುವುದು ಭೀಮಾ ಮತ್ತು ಬೆಣ್ಣೆತೊರೆಯಿಂದ ಎಂಬುದನ್ನು ಇಲ್ಲಿ ನೆನೆಯಲೇಬೇಕು. ಬಳಸಿದ ಎಣ್ಣೆ, ಅದರ ಕೆಸರು ಎರಡೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಅನುಮತಿ ಪಡೆದ ಸಂಸ್ಕರಣಕಾರರಿಗೇ ಅವನ್ನು ಕೊಡಬೇಕು. ಬಳಸಿದ ಎಣ್ಣೆ ವಾಪಸು ಸೇರುವಂತೆ ನೋಡಿಕೊಳ್ಳುವ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವ ಕಂಪನಿಗಳ ಮೇಲೂ ಹೊರಿಸಲಾಗಿದೆ. ದೊಡ್ಡ ಶೋರೂಮುಗಳ ಡ್ರಮ್ಮುಗಳನ್ನು ಕೊಂಡೊಯ್ಯಲು ಗಾಡಿ ಬರುತ್ತದೆ. ತಿಂಗಳಿಗೆ ಅರ್ಧ ಕ್ಯಾನು ಕೆಸರು ಹುಟ್ಟುವ ಮೇಸ್ತ್ರಿಯ ಬೇವಿನ ಮರದ ಹತ್ತಿರ ಯಾರೂ ಬರುವುದಿಲ್ಲ.

ಆ ಮೇಸ್ತ್ರಿ ಈ ಸಲ ಹಳೆಯ ಪೇಂಟ್ ಡಬ್ಬಿಯೊಂದರಲ್ಲಿ ಕೆಸರು ತುಂಬಿ ಮುಚ್ಚಳ ಹಾಕಿ ಇಟ್ಟಿದ್ದರು, ಎಲ್ಲಿ ಕೊಡಬೇಕೆಂದು ತಿಳಿಯದೆ. ಕಮಲಾಪುರದಂಥ ಊರಿನಲ್ಲಿ ಸ್ಥಳೀಯ ಆಡಳಿತ ಒಂದು ನೆರಳಿನ ಜಾಗ, ಮುಚ್ಚಳವಿರುವ ಎರಡು ಡ್ರಮ್ಮು ಇಟ್ಟು, ಒಂದು ಬಳಸಿದ ಎಣ್ಣೆಗೆ, ಇನ್ನೊಂದು ಕೆಸರಿಗೆ ಎಂದು ಬರೆಸಬಹುದು. ತುಂಬಿದಾಗ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಕೊಟ್ಟ ಗಾಡಿಯನ್ನು ಕರೆಸಬಹುದು. ಗಾಜಿಪುರದ ಪ್ರತಿ ಗಲ್ಲಿಗೆ ಮಹಾನಗರ ಪಾಲಿಕೆಯ ಕಸದ ಗಾಡಿ ಈಗಾಗಲೇ ಬರುತ್ತಿದೆ. ತಿಂಗಳಿಗೆ ಒಂದು ದಿನ ಗ್ಯಾರೇಜುಗಳ ಕೆಸರಿನ ಡಬ್ಬಿಗೆಂದೇ ಬೇರೆ ಗಾಡಿಯೊಂದು ಬಂದರೆ ಡಬ್ಬಿ ತಯಾರಿಡಲು ಉಸ್ತಾದರು ಒಪ್ಪಿದ್ದಾರೆ. ಮಿರ್ಗಕ್ಕೆ ಮೊದಲೇ ಗಾಡಿ ಬಂದರೆ ಈ ವರ್ಷದ ಕೆಸರಾದರೂ ಹಳ್ಳ ಸೇರುವುದು ತಪ್ಪುತ್ತದೆ.